ಕೆರೆಯ ತಳ ಬಲ್ಲ ಸೂಗಮ್ಮ

ಮೂಡಲು ಕೆಂಪಾಗುವ ಹೊತ್ತಿಗೆ ಸೂಗಮ್ಮ ಮಸ್ಕಿ ಸಮೀಪದ ತನ್ನೂರ ಕೆರೆಯಲ್ಲಿ ಸೊಂಟಮಟ್ಟ ನೀರಿಗೆ ಇಳಿದಿದ್ದಾಳೆ. ಬುಟ್ಟಿಯಿಂದ ತಳದ ಕೆಸರು ಬಾಚಿ ಜಾಲಿಸುತ್ತಾಳೆ. ಸತ್ತ ಕಪ್ಪೆಚಿಪ್ಪುಗಳು ಹೆಗಲ ಚೀಲಕ್ಕೆ. ಜೀವವಿರುವವು ಮರಳಿ ನೀರಿಗೆ. "ಹೋಗವ್ವಾ, ಮರಿ ಮಾಡ್ಕೊಂಡು ಸುಖವಾಗಿರು" ಎಂದು ನಗುತ್ತಾಳೆ.

ಚಿಪ್ಪು ಸುಟ್ಟು ಸುಣ್ಣ ಮಾಡುವುದು ಆಕೆಯ ಕಸುಬು. ಲಿಂಗಸುಗೂರಿನಲ್ಲಿ ನಿಜಾಮರ ಸರಕಾರದ ಕಚೇರಿ ಗೋಡೆಗಳಿಗೂ ಹಟ್ಟಿಯ ಗಣಿ ಕೂಲಿಗಳ ಎಲೆಯಡಿಕೆಗೂ ಇದೇ ಸುಣ್ಣ. ಗಂಡ ತೀರಿಕೊಂಡ ಮೇಲೆ ಇದರಲ್ಲೇ ಮಗಳನ್ನು ಸಾಕಿದ್ದಾಳೆ. ಅಂಗೈ ಸುಣ್ಣಕ್ಕೆ ಬಿರಿದಿದೆ.

ಹೋದ ವರ್ಷ ದಂಡೆಯ ಮೇಲೆ ಚಿಪ್ಪು ರಾಶಿ ಬಿದ್ದಿತ್ತು. ನೀರಿಗಿಳಿಯುವ ಕೆಲಸವೇ ಇಲ್ಲ. ಆದರೂ ಸೂಗಮ್ಮ ಇಳಿದು ತಳದ ಕೆಸರು ಬಾಚಿ ನೋಡಿದಳು. "ಎಲ್ಲಾ ಒಮ್ಮಿಗೇ ಸತ್ತಿದ್ವು ರೀ. ಕೆಸರು ಕರ್ರಗ, ಕೊಳೆತ ತತ್ತಿ ವಾಸನಿ. ಹೊಲಸಿನಾಗೂ ಬದುಕೋ ಕೆಂಪು ಹುಳ ಬಿಟ್ರ ಏನೂ ಉಳಿದಿದ್ದಿಲ್ಲ. ಚೊಲೋ ನೀರಾಗಷ್ಟೇ ಇರೋ ಮೂರು ಬಾಲದ ಹುಳ ಅಂತೂ ಮಾಯ. ಮ್ಯಾಲ ನೀರು ಸಾಫ್ ಕಾಣ್ತಿತ್ತು, ತಳಕ್ಕ ಉಸಿರೇ ಇದ್ದಿಲ್ಲ" ಎಂದು ಈಗಲೂ ಕೇಳಿದವರಿಗೆ ಹೇಳುತ್ತಾಳೆ.

ನೆರೆಮನೆಯ ಅಂಬಪ್ಪ ಹಗ್ಗ ಹೊಸೆಯುವವನು. ನಾರು ಬಿಡಿಸಲು ಪುಂಡಿ ಗಿಡದ ಕಟ್ಟುಗಳನ್ನು ಕೆರೆಯಲ್ಲೇ ಕೊಳೆಯಲು ಹಾಕಿದ್ದ. ಊರಿಗೆ ಕುಡಿಯಲು ಬೇರೆ ನೀರಿಲ್ಲ. ಕಟ್ಟು ಕೊಳೆತೇ ಕೆರೆ ಕೆಟ್ಟಿದೆ, ತೆಗೆ ಎಂದು ಸೂಗಮ್ಮ ಹೋಗಿ ಕೇಳಿದಾಗ ಆತ ನಕ್ಕುಬಿಟ್ಟ.

"ನಿನಗ ಕುಂತಲ್ಲೇ ಚಿಪ್ಪು ಸಿಕ್ಕಾವ. ಫಿಕರ್ ಯಾಕಬೇ?"

ಆಕೆ ಅವನ ಕೈ ಹಿಡಿದು ಕೆರೆಗಿಳಿಸಿ, ತಳದ ಕೆಸರನ್ನು ಅವನ ಅಂಗೈಗೆ ಹಾಕಿದಳು. ಅಂಬಪ್ಪ ಮೂಸಿದ, ಮುಖ ತಿರುಗಿಸಿದ. "ನನ್ನ ಮೊಮ್ಮಕ್ಕಳೂ ಇದನ್ನ ಕುಡೀತಾವಲ್ಲಬೇ" ಅಂದ. ಮರುದಿನವೇ ಕಟ್ಟುಗಳನ್ನೆಲ್ಲ ಎಳೆದು ಹಾಕಿದ. ಕೆರೆಯ ಏರಿಯ ಆಚೆ ಇಬ್ಬರೂ ಸೇರಿ ಪುಂಡಿಗೆಂದೇ ಗುಂಡಿ ತೋಡಿದರು.

ಈ ಸಲ ಮಳೆ ಚೆನ್ನಾಗಿ ಬಂದಿದೆ. ಇಂದು ಬುಟ್ಟಿ ಎತ್ತಿದ ಸೂಗಮ್ಮ ಇದ್ದಕ್ಕಿದ್ದಂತೆ ಕೂಗುತ್ತಾಳೆ. ಅಂಬಪ್ಪ ಹಗ್ಗ ಬಿಸುಟು ಓಡಿ ಬರುತ್ತಾನೆ.

"ಏನಾತಬೇ? ಹಾವೇನು?"

"ಹಾವಲ್ಲೋ, ಹುಳ! ಬಾಲ ನೋಡು, ಮೂರದಾವ!"

ಕಂದು ಕೆಸರಿನಲ್ಲಿ ಸಣ್ಣ ಜೀವವೊಂದು ಬಾಲ ಅಲ್ಲಾಡಿಸುತ್ತಿದೆ. ಅಂಬಪ್ಪ ಬಗ್ಗಿ ನೋಡಿ, ಬೊಗಸೆ ತುಂಬ ನೀರು ಕುಡಿದು, ದಂಡೆಯತ್ತ ಕೂಗುತ್ತಾನೆ: "ಕೆರಿ ಚೇತರಿಸಿಕೊಂಡೈತ್ರೋ!" ಕೊಡ ಹಿಡಿದ ಹೆಂಗಸರೆಲ್ಲ ಹುಳ ನೋಡಲು ನೀರಿಗಿಳಿಯುತ್ತಾರೆ. ನಗುವೋ ನಗು.

ಈ ವರ್ಷ ಚಿಪ್ಪು ಕಡಿಮೆಯಲ್ಲವೇ ಎಂದರೆ ಸೂಗಮ್ಮ ಕೈ ಬೀಸುತ್ತಾಳೆ.

"ಆದ್ರ ಆಗ್ಲಿ ರೀ. ಸಿಂಧನೂರಿಂದ ಮಗಳು ಬಾಣಂತನಕ್ಕ ಬರಾಕತ್ಯಾಳ. ಕೂಸಿನ ಮೊದಲ ಜಳಕ ಈ ನೀರಾಗ ಆಗ್ಬೇಕು. ಅಷ್ಟ ನನ್ನ ಆಸೆ."