ಮೊಳೆ ಹೊಡೆಯದ ಚಪ್ಪಲಿ

ಇದು ನಡೆದದ್ದು ಹೋದ ಚಳಿಗಾಲದಲ್ಲಿ. ಕಾಗವಾಡದಿಂದ ದಿಲ್ಲಿಯ ಪ್ರಯೋಗಾಲಯವೊಂದಕ್ಕೆ ಸಂದರ್ಶನಕ್ಕೆ ಹೊರಟಿದ್ದೆ. ಅಗ್ಗದ ಟಿಕೆಟ್ ಆರಿಸಿದ್ದರಿಂದ ಮುಂಬೈಯಲ್ಲಿ ಮುಂದಿನ ರೈಲಿಗೆ ಒಂಬತ್ತು ತಾಸು ಕಾಯಬೇಕಿತ್ತು. ನಡೆದೇ ಊರು ನೋಡಿದೆ. ರೈಲಿಗೆ ಇನ್ನೊಂದು ತಾಸು ಇದೆ ಎನ್ನುವಾಗ ನನ್ನ ಹಳೆಯ ಅಥಣಿ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು.

ಫುಟ್‌ಪಾತಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಮುದುಕರೊಬ್ಬರಿಗೆ, ಒಂದು ಮೊಳೆ ಹೊಡೆದುಕೊಡಿ ಎಂದು ಮರಾಠಿಯಲ್ಲಿ ಹೇಳಿದೆ. ಅವರು ಚಪ್ಪಲಿ ತಿರುವಿ ನೋಡಿ ಕನ್ನಡದಲ್ಲೇ ಬೈದರು.

"ಅಥಣಿ ಚಪ್ಪಲಿಗೆ ಮೊಳಿ ಹೊಡಿತಾರೇನೋ ತಮ್ಮಾ? ಇದು ಪೂರಾ ತೊಗಲಿನ ಹೊಲಿಗಿ ಐತಿ. ನಾ ನಿಪ್ಪಾಣಿಯಾಂವ, ನನಗ ಹೇಳ್ತಿ."

"ನಾಡಿದ್ದ ದಿಲ್ಲ್ಯಾಗ ಇಂಟರ್‌ವ್ಯೂ ಐತ್ರಿ ಕಾಕಾ. ರೈಲು ತಪ್ಪತೈತಿ."

"ಮತ್ತ ಸುಮ್ನ ಕುಂದ್ರು."

ತೊಗಲಿನ ಎಳೆಯೊಂದನ್ನು ನೀರಿನಲ್ಲಿ ನೆನೆಹಾಕಿದರು. ಎಷ್ಟು ನಿಮಿಷ ನೆನೆಯಬೇಕು ಎಂದು ಕೇಳಿದೆ.

"ಮೆತ್ತಗ ಆಗೂತನಕ."

ಹೊಲಿದು ಮುಗಿಸಿದವರು ನನ್ನ ಇನ್ನೊಂದು ಚಪ್ಪಲಿಯನ್ನೂ ಕಾಲಿನಿಂದ ಎಳೆದುಕೊಂಡರು. ಅದು ಗಟ್ಟಿ ಇದೆ ಎಂದೆ.

"ಇವು ಜೋಡಿ ಅದಾವು. ಇವತ್ತ ಅದು, ನಾಳೆ ಇದು. ಸಾಹೇಬ್ರ ಮುಂದ ಬರಿಗಾಲಿಲೆ ನಿಲ್ಲಾಂವೇನ?"

ಅದನ್ನೂ ಹೊಲಿದರು. ದುಡ್ಡು ಕೊಟ್ಟು ನಾನು ಓಡಿದೆ. ಬೋಗಿ ಹತ್ತಿದಾಗ ರೈಲು ಹೊರಡಲು ಉಳಿದಿದ್ದದ್ದು ಮೂರು ನಿಮಿಷ.