ಗೇಟಿನ ಪುಸ್ತಕದಲ್ಲಿ ‘ಪ್ಲಸ್ ಒನ್’

ಮೈಸೂರಿನ ಕಾರ್ಖಾನೆಗಳಲ್ಲಿ ಗೇಟಿನ ಪುಸ್ತಕದಲ್ಲಿ ನನ್ನ ಹೆಸರು ಬರೆದು, ಜೊತೆಯವರನ್ನು ‘ಪ್ಲಸ್ ಒನ್’, ‘ಪ್ಲಸ್ ಟೂ’ ಎಂದು ಸೇರಿಸಿಬಿಡುವುದು ನನ್ನ ರೂಢಿಯಾಗಿತ್ತು. ತೊಂಬತ್ತರ ದಶಕದಲ್ಲಿ ಮೆಲ್ಬರ್ನಿಗೆ ಬಂದ ಮೇಲೂ ಅದು ಹೋಗಿರಲಿಲ್ಲ. ಅಲ್ಲಿನ ಕ್ಲೇಟನ್ ಬಡಾವಣೆಯ ಒಂದು ಕಾರ್ಖಾನೆಗೆ ನಾನೂ ನಮ್ಮ ವಿಯೆಟ್ನಾಮಿ ವೆಲ್ಡರೂ ಬಾಯ್ಲರ್ ರಿಪೇರಿಗೆ ಹೋದಾಗ ಹಾಗೇ ಬರೆದೆ.

ಗೇಟಿನಲ್ಲಿದ್ದ ಜೋನ್ ಎಂಬ ಹೆಂಗಸು ಪುಸ್ತಕವನ್ನು ನನ್ನ ಕಡೆಗೇ ತಿರುಗಿಸಿದರು.

“ಒಳಗೆ ಬೆಂಕಿ ಬಿದ್ದರೆ ನಾನು ಏನಂತ ಕೂಗಲಿ? ಪ್ಲಸ್ ಒನ್ ಅಂತಲಾ?”

ವೆಲ್ಡರನ ಹೆಸರು ಬರೆಯಲು ಪೆನ್ನು ಎತ್ತಿದೆ; ಹೆಸರೇ ಗೊತ್ತಿರಲಿಲ್ಲ. ಆರು ತಿಂಗಳಿಂದ ಅವನನ್ನು ಅಲ್ಲಿನವರ ಹಾಗೆ ‘ಮೇಟ್’, ಅಂದರೆ ಗೆಳೆಯ, ಎಂದಷ್ಟೇ ಕರೆದಿದ್ದೆ. ನನ್ನ ಪೇಚಾಟ ನೋಡಿ ಅವನೇ ಪೆನ್ನು ತೆಗೆದುಕೊಂಡು ‘ತುವಾನ್’ ಎಂದು ಬರೆದ.

ಮಧ್ಯಾಹ್ನ ನಿಜಕ್ಕೂ ಬೆಂಕಿಯ ಅಲಾರಂ ಹೊಡೆಯಿತು. ಜೋನ್ ಕಾರ್ ಪಾರ್ಕಿನಲ್ಲಿ ನಿಂತು ಒಂದೊಂದೇ ಹೆಸರು ಕೂಗಿದರಂತೆ. ಓಗೊಡದ ಹೆಸರು ಒಂದೇ, ನನ್ನದು. ನಾನು ಊಟದ ಡಬ್ಬಿ ತರಲು ವಾಪಸು ಹೋಗಿ, ಹೊಗೆಯಲ್ಲಿ ಬಾಗಿಲು ಕಾಣದೆ ಕೆಮ್ಮುತ್ತಿದ್ದೆ. ಅಷ್ಟರಲ್ಲಿ ಯಾರೋ ನನ್ನ ಹೆಸರನ್ನು, ಪುಸ್ತಕದಲ್ಲಿ ಬರೆದಿದ್ದ ಹಾಗೆ ಅಪ್ಪನ ಹೆಸರೂ ಸೇರಿಸಿ, ಪೂರ್ತಿಯಾಗಿ ಕೂಗುವುದು ಕೇಳಿಸಿತು. ಆ ದನಿಯ ಕಡೆಗೆ ನಡೆದೆ. ಬಾಗಿಲಲ್ಲಿ ನಿಂತಿದ್ದವನು ತುವಾನ್.

ಜೋನ್ ನನ್ನ ಹೆಸರಿನ ಮುಂದೆ ಗುರುತು ಹಾಕಿಕೊಂಡು, ನನ್ನ ಕೈಲಿದ್ದ ಡಬ್ಬಿಯನ್ನು ನೋಡಿದರು.

“ಇದರ ಹೆಸರು ನನ್ನ ಪುಸ್ತಕದಲ್ಲಿ ಇಲ್ಲ.”