ಒಂದು ಮೂಗಿನ ವಂಶಾವಳಿ

ಬಾಣಂತಿ ಇರುವ ಮನೆಯಲ್ಲಿ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಮಗುವಿಗಲ್ಲದೆ ಬೇರೆ ಯಾರಿಗೂ ಹಕ್ಕಿರುವುದಿಲ್ಲ. ಆದರೂ ಎಂಬತ್ತರ ದಶಕದ ಆ ರಜೆಯಲ್ಲಿ, ಕುಣಿಗಲ್ಲಿನ ನಮ್ಮ ನಡುಮನೆಯಲ್ಲಿ, ಅಕ್ಕನ ಮಗುವಿನ ಲಂಗೋಟಿಗಳ ನಡುವೆ ನಾನು ಎರಡು ಉದ್ದನೆಯ ಕಾಗದದ ಪಟ್ಟಿಗಳನ್ನು ಕ್ಲಿಪ್ಪು ಹಾಕಿ ಇಳಿಬಿಟ್ಟಿದ್ದೆ. ಎಂಎಸ್ಸಿಯಲ್ಲಿ ನನಗೆ ಕೊಟ್ಟಿದ್ದ ಕೆಲಸವದು: ಒಂದೇ ಬಳಗದ ಎರಡು ಫ್ಲೂ ವೈರಸ್ಸುಗಳ, ಅಕ್ಷರಗಳ ಸಾಲಾಗಿ ಬರೆದ ಪ್ರೋಟೀನುಗಳನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ, ಬೇರೆಯಾದಲ್ಲೆಲ್ಲ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುವುದು. ನಿಮಗೆ ನೀರಸವೆನಿಸಬಹುದು, ಆದರೆ ಯಾರೊಂದಿಗೂ ಮಾತಾಡದೆ ಮಾಡಬಹುದಾದ ಕೆಲಸವೆಂಬ ಕಾರಣಕ್ಕೇ ನನಗದು ಪ್ರಿಯವಾಗಿತ್ತು.

ಅದೇ ಮನೆಯಲ್ಲಿ ಇನ್ನೂ ಬಿರುಸಿನ ಹೋಲಿಕೆಯೊಂದು ಶುರುವಾಯಿತು. ಮಗು ಯಾವ ಹಿರಿಯರನ್ನು ಹೋಲುತ್ತದೋ ಅವರ ಹೆಸರನ್ನೇ ಇಡುವುದು ಎರಡೂ ಮನೆಗಳ ರೂಢಿ. ಮರುದಿನವೇ ನಾಮಕರಣ. ಗುಬ್ಬಿಯಿಂದ ಬಂದ ಅಕ್ಕನ ಅತ್ತೆ ನೀರನ್ನೂ ಕುಡಿಯದೆ ತೊಟ್ಟಿಲಿಗೆ ಬಗ್ಗಿದರು.

"ಮೂಗು ನೋಡ್ರೀ, ನಮ್ ಮಾವನೋರ್ದೇ. ಗುರುಬಸಪ್ಪ ಅಂತ್ಲೇ ಇಡ್ಬೇಕು."

"ನಿಮ್ ಮಾವನೋರ್ ಮೂಗಲ್ಲಿ ನಶ್ಯದ ಡಬ್ಬೀನೇ ಇಡ್ಬೋದಿತ್ತಂತೆ!" ಎಂದಳು ಅಮ್ಮ. "ಇದು ನಮ್ಮಪ್ಪ ನಂಜುಂಡಯ್ಯನ ಮೂಗು ಕಣ್ರೀ."

ಕಾಫಿ ಆರಿತೇ ಹೊರತು ಮಾತು ಆರಲಿಲ್ಲ. ಕೊನೆಗೆ ನ್ಯಾಯ ನನ್ನ ಬಳಿಗೇ ಬಂತು. "ಏನಮ್ಮಾ, ಹೋಲಿಸೋದನ್ನೇ ಓದ್ತಿದೀಯಂತೆ. ನೀನೇ ಹೇಳ್ಬುಡು," ಎಂದರು ಅತ್ತೆ.

ಅಕ್ಕ ನನ್ನ ಕೈ ಚಿವುಟಿ ಪಿಸುಗುಟ್ಟಿದಳು: "ನಮ್ ಕಡೇದು ಅಂದ್ಯೋ, ವಾಪಸ್ ಗುಬ್ಬಿಗ್ ಹೋಗಿ ಇವ್ರ್ ಜೊತೆ ಬಾಳ್ಬೇಕಾದೋಳು ನಾನು ಕಣೇ. ಅವ್ರ್ ಕಡೇದು ಅಂದ್ರೆ ಅಮ್ಮ ನಾಳೆ ಒಲೇನೇ ಹಚ್ಚಲ್ಲ."

ನಿಜ ಹೇಳಬೇಕೆಂದರೆ ಆ ಮೂಗು ಯಾರ ಕಡೆಯದೂ ಆಗಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿಟ್ಟ ಹಿಟ್ಟಿನ ಉಂಡೆಯಂತಿತ್ತು. ಸುಳ್ಳು ಹೇಳುವುದು ನನಗೆ ಬಾರದು. ಗೊತ್ತಿದ್ದಷ್ಟನ್ನೇ ಹೇಳಿದೆ. ಈ ವೈರಸ್ಸುಗಳ ಮೈಮೇಲಿನ ಪ್ರೋಟೀನು ಆಗಾಗ ವೇಷ ಬದಲಿಸುತ್ತದೆ. ಅದಕ್ಕೇ ನಮ್ಮ ದೇಹ ಹಳೆಯ ಶತ್ರುವಿನ ಗುರುತು ಹಿಡಿಯದೆ ಮತ್ತೆ ಜ್ವರ ಬಂದು ಮಲಗುತ್ತದೆ. ಒಳಗಿನ ಪ್ರೋಟೀನು ಅಷ್ಟಾಗಿ ಬದಲಾಗದು. ಆದ್ದರಿಂದ ಬಳಗ ಯಾವುದೆಂದು ತಿಳಿಯಲು ಒಳಗನ್ನು ನೋಡಬೇಕು, ಮೂಗಿನಂಥ ಹೊರಗಿನದನ್ನು ನಂಬುವಂತಿಲ್ಲ.

ಅತ್ತೆ ಮತ್ತೆ ತೊಟ್ಟಿಲಿಗೆ ಬಗ್ಗಿ ನೋಡಿದರು. "ಹಂಗಾದ್ರೆ ಒಳಗಿಂದೆಲ್ಲ ನಮ್ದು. ಮೂಗು ನೀವೇ ಇಟ್ಕಳಿ."

"ಆಗ್ಲಿ ಬಿಡಿ," ಎಂದಳು ಅಮ್ಮ, ಗೆದ್ದವಳಂತೆ. "ಜನ ನೋಡೋದು ಹೊರಗಿಂದೇ ತಾನೆ?"

ಕಿವಿಯಲ್ಲಿ ಉಸುರುವ ಹೆಸರು ಗುರುಬಸಪ್ಪ, ಕೂಗುವ ಹೆಸರು ನಂಜುಂಡ ಎಂದು ತೀರ್ಮಾನವಾಯಿತು. ಒಳಗು ಅವರದೆಂದಾಗಲಿ ಮೂಗು ನಮ್ಮದೆಂದಾಗಲಿ ನಾನು ಹೇಳಿರಲಿಲ್ಲ. ಅಕ್ಕನ ಮುಖ ಅರಳಿದ್ದನ್ನು ಕಂಡು ತಿದ್ದಲು ಹೋಗಲಿಲ್ಲ. ಹೋಲಿಕೆ ಹುಡುಕುವವರೆಲ್ಲ ಒಳಗೊಳಗೇ ಪಾಲು ಕೇಳುತ್ತಿರುತ್ತಾರೇನೋ. ವೈರಸ್ಸಿಗೆ ಅಜ್ಜಿಯರಿಲ್ಲ, ನನ್ನ ಪುಣ್ಯ.

ಮರುದಿನ ಕಿವಿಯಲ್ಲಿ ಹೆಸರು ಹೇಳಿದ್ದೇ ತಡ, ಮಗು ಇಬ್ಬರು ಅಜ್ಜಿಯರ ಮುಖಕ್ಕೂ ಸಿಡಿಯುವಂತೆ ಸೀನಿತು.

"ನಮ್ಮನೇಲಿ ಯಾರ್ಗೂ ನೆಗಡಿ ಇಲ್ಲಪ್ಪ. ಇದು ಗುಬ್ಬಿ ಕಡೆಯಿಂದ್ಲೇ ಬಂದಿದ್ದು," ಎಂದಳು ಅಮ್ಮ.

"ಬರೋವಾಗ ಗುಂಡ್‌ಕಲ್ಲಂಗಿದ್ದೆ ನಾನು! ಇದು ಕುಣಿಗಲ್ ನೆಗಡಿ," ಎಂದರು ಅತ್ತೆ.

ಇಬ್ಬರೂ ಒಟ್ಟಿಗೇ ನನ್ನತ್ತ ತಿರುಗಿದರು. ಅವರು ಕೇಳಿದ ಪ್ರಶ್ನೆಗಳಲ್ಲಿ ವೈರಸ್ಸುಗಳನ್ನು ಹೋಲಿಸಿ ಎಲ್ಲಿಂದ ಬಂದವೆಂದು ಹುಡುಕುವ ನನ್ನ ವಿದ್ಯೆ ಉತ್ತರಿಸಬಹುದಾಗಿದ್ದುದು ಇದೊಂದೇ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಎದ್ದು ಪಾಯಸ ಬಡಿಸಲು ಹೋದೆ.